ತಪ್ಪು ನಾಣ್ಯ: ಸಾಚಾನೋ, ಖೋಟಾನೋ?

ನಾಣ್ಯ ಎಂದ ಕೂಡಲೇ ನಮ್ಮ ಸಂಘದ ಮಿತ್ರರಿಗೆ ಗದ್ಯಾಣ, ವರಾಹ, ಹೊನ್ನು ಮೊದಲಾದ ಹೆಸರುಗಳು ನೆನಪಾಗಬಹುದು. ಅವುಗಳ ಬಗ್ಗೆ ಬರೆಯಲು ಇತಿಹಾಸದ ವಿದ್ಯಾರ್ಥಿಗಳಿದ್ದಾರೆ. ನಾನು ಕಾಮರ್ಸಿನವನು. ನನಗೆ ಪರಿಚಯವಿರುವುದು ಬಸ್ಸಿನ ಕಂಡಕ್ಟರು ಅಂಗೈಗೆ ಹಾಕುವ ಚಿಲ್ಲರೆ ಮಾತ್ರ. ಆ ಚಿಲ್ಲರೆಯ ನಡುವೆ ಎಂದೋ ಒಮ್ಮೆ ವಿಚಿತ್ರ ನಾಣ್ಯವೊಂದು ಬಂದುಬಿಡುತ್ತದೆ. ಅಂಚನ್ನು ಇಲಿ ಕಚ್ಚಿದಂಥದ್ದು, ಚಿತ್ರ ಅರ್ಧವೇ ಇರುವಂಥದ್ದು, ಒಂದು ಮುಖ ನೆಟ್ಟಗಿದ್ದು ಇನ್ನೊಂದು ಓರೆಯಾಗಿರುವಂಥದ್ದು. ಇವನ್ನು ಸಂಗ್ರಾಹಕರು ಎರರ್ ಕಾಯಿನ್ ಅನ್ನುತ್ತಾರೆ. ನಾನು ಇಲ್ಲಿ ತಪ್ಪು ನಾಣ್ಯ ಅಂತಲೇ ಕರೀತೇನೆ.

ತಪ್ಪು ನಾಣ್ಯ ಬೇರೆ, ಖೋಟಾ ನಾಣ್ಯ ಬೇರೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ತಪ್ಪು ನಾಣ್ಯ ಸರಕಾರದ ಟಂಕಸಾಲೆಯಲ್ಲೇ ಹುಟ್ಟಿ, ಅಲ್ಲಿನ ಪರೀಕ್ಷಕರ ಕಣ್ಣು ತಪ್ಪಿಸಿ ಹೊರಗೆ ಬಂದದ್ದು. ಅದಕ್ಕೆ ಕೆಲವೊಮ್ಮೆ ಮುಖಬೆಲೆಗಿಂತ ಹೆಚ್ಚು ಬೆಲೆ ಬರುತ್ತದೆ. ಬೆಲೆ ಬರುತ್ತದೆ ಎಂದಾದ ಮೇಲೆ ತಪ್ಪನ್ನು ಕೈಯಾರೆ 'ತಯಾರಿಸುವ' ಜನರೂ ಇರುತ್ತಾರಲ್ಲ! ಒಳ್ಳೆಯ ನಾಣ್ಯವನ್ನು ಕೊಯ್ದು, ಒತ್ತಿ, ಆಮ್ಲದಲ್ಲಿ ಅದ್ದಿ, ತಪ್ಪು ನಾಣ್ಯವೆಂದು ಮಾರುತ್ತಾರೆ. ಆದ್ದರಿಂದ ಪ್ರಶ್ನೆ ಏನೆಂದರೆ, ಈ ತಪ್ಪು ಸಾಚಾ ತಪ್ಪು ಹೌದೇ?

ಆಡಿಟಿಂಗ್ ಪಾಠದಲ್ಲಿ ನಮಗೆ ಮೊಟ್ಟಮೊದಲು ಕಲಿಸುವುದು ವೋಚಿಂಗ್. ಲೆಕ್ಕದ ಪುಸ್ತಕದಲ್ಲಿ ಎಂಟ್ರಿ ಎಷ್ಟೇ ಚಂದವಾಗಿರಲಿ, ಅದರ ಹಿಂದೆ ವೋಚರ್ ಬೇಕು. ನಾಣ್ಯಕ್ಕೂ ಇದೇ ಮಾತು. ನಾಣ್ಯದ ಮೇಲೆ ಕಾಣುವ ಪ್ರತಿಯೊಂದು ವಿಕಾರಕ್ಕೂ ಟಂಕಸಾಲೆಯ ಯಾವುದೋ ಒಂದು ಹಂತದಿಂದ ವೋಚರ್ ಸಿಗಬೇಕು. 'ಇದು ಇಂಥ ಯಂತ್ರದಲ್ಲಿ, ಇಂಥ ಕಾರಣದಿಂದ ಹೀಗಾಯಿತು' ಎಂದು ತೋರಿಸಲು ಬಂದರೆ ಮುಂದಿನ ಪರೀಕ್ಷೆಗೆ ಹೋಗಬಹುದು. ತೋರಿಸಲು ಬರಲೇ ಇಲ್ಲ ಎಂದರೆ ಆ ವಿಕಾರ ಟಂಕಸಾಲೆಯ ಹೊರಗೆ ಆದದ್ದು. ಇಷ್ಟೇ ವಿದ್ಯೆ. ಉಳಿದದ್ದೆಲ್ಲ ಇದರ ಟೀಕೆ-ಟಿಪ್ಪಣಿ.

ಹಾಗಾದರೆ ಟಂಕಸಾಲೆಯಲ್ಲಿ ಏನು ನಡೆಯುತ್ತದೆ? ನಮ್ಮ ದೇಶದಲ್ಲಿ ನಾಲ್ಕು ಟಂಕಸಾಲೆಗಳಿವೆ: ಮುಂಬಯಿ, ಕೋಲ್ಕತ್ತ, ಹೈದರಾಬಾದು, ನೋಯ್ಡಾ. ಮುಂಬಯಿಯದು ಫೋರ್ಟಿನಲ್ಲಿ, ರಿಸರ್ವ್ ಬ್ಯಾಂಕಿನ ಎದುರಿಗೇ ಇದೆ. ನಮ್ಮಲ್ಲಿ ಎಷ್ಟೋ ಜನ ದಿನಾ ಅದರ ಗೋಡೆಯ ಪಕ್ಕದಲ್ಲೇ ನಡೆದುಹೋಗುತ್ತೇವೆ. ನಾಣ್ಯ ಮಾಡುವ ಕ್ರಮ ಎಲ್ಲ ಕಡೆಯೂ ಸರಿಸುಮಾರು ಒಂದೇ. ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕುಲುಮೆಯಲ್ಲಿ ಕಾಯಿಸಿ ಮೆದು ಮಾಡಿ, ತೊಳೆದು ಹೊಳಪು ಕೊಡುತ್ತಾರೆ. ಅನಂತರ ಬಿಲ್ಲೆಯನ್ನು ಸುತ್ತಲೂ ಅದುಮಿ ಉರುಳಿಸಿ ಅದರ ಅಂಚು ಸ್ವಲ್ಪ ಎದ್ದು ನಿಲ್ಲುವಂತೆ ಮಾಡುತ್ತಾರೆ. ಕೊನೆಗೆ ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ಸುತ್ತ ಕಾಲರ್ ಎಂಬ ಉಕ್ಕಿನ ಬಳೆ. ಇವುಗಳ ನಡುವೆ ಬಿಲ್ಲೆ ಬಂದು ಕೂರುತ್ತದೆ, ಹತ್ತಾರು ಟನ್ನಿನ ಒಂದೇ ಏಟು ಬೀಳುತ್ತದೆ. ಎರಡು ಮುಖ ಮತ್ತು ಅಂಚು ಮೂರೂ ಆ ಒಂದೇ ಏಟಿನಲ್ಲಿ ಮೂಡುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಒಂದು ಸಂಜೆ ನಿಂತವರಿಗೆ ತಪ್ಪು ನಾಣ್ಯದ ಜಾತಿಗಳನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಸ್ಟೆನ್ಸಿಲ್ ಹರಿದರೆ ಅದೇ ಜಾಗದಲ್ಲಿ ಅದೇ ಮಸಿಯ ಕಲೆ ಆಮೇಲಿನ ಎಲ್ಲ ಪ್ರತಿಗಳಲ್ಲೂ ಬರುತ್ತದೆ. ಇದು ಅಚ್ಚಿನ ತಪ್ಪು: ಅಚ್ಚು ಸೀಳಿದರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ, ಮತ್ತು ಅಂಥದೇ ಗೆರೆಯ ಅಣ್ಣತಮ್ಮಂದಿರು ಬೇರೆ ಕಡೆಯೂ ಸಿಗುತ್ತಾರೆ. ಕಾಗದದ ಮೂಲೆ ಮೊದಲೇ ಹರಿದಿದ್ದರೆ ಅದು ಬಿಲ್ಲೆಯ ತಪ್ಪು. ಕಾಗದವೂ ಸರಿ ಸ್ಟೆನ್ಸಿಲ್ಲೂ ಸರಿ, ಆದರೆ ಹಾಳೆ ಓರೆಯಾಗಿ ಹೋಯಿತು, ಇಲ್ಲವೆ ಎರಡು ಸಲ ಹೋಯಿತು ಎಂದರೆ ಅದು ಏಟಿನ ತಪ್ಪು. ಆ ಪ್ರತಿ ಒಂದೇ ಒಂದು. ಇನ್ನು ನಾಲ್ಕನೆಯದೊಂದಿದೆ. ಪತ್ರಿಕೆ ಮನೆಗೆ ಬಂದ ಮೇಲೆ ಅದರ ಮೇಲೆ ಚಹಾ ಚೆಲ್ಲುವುದು. ಚಹಾದ ಕಲೆಯನ್ನು ಮುದ್ರಣದ ದೋಷ ಎಂದು ಮಾರಲು ಬರುವವರನ್ನು ಹಿಡಿಯುವುದೇ ನಮ್ಮ ಕೆಲಸ.

ಮೊದಲು ಇಲಿ ಕಚ್ಚಿದ ನಾಣ್ಯ. ಪಟ್ಟಿ ಮುಂದಕ್ಕೆ ಸರಿಯಾಗಿ ಸರಿಯದಿದ್ದರೆ, ಆಗಲೇ ಕತ್ತರಿಸಿ ತೂತಾದ ಜಾಗಕ್ಕೆ ತಾಗಿಯೇ ಮುಂದಿನ ಬಿಲ್ಲೆ ಕತ್ತರಿಸಲ್ಪಡುತ್ತದೆ. ಆಗ ಬಿಲ್ಲೆಯ ಒಂದು ಕಡೆ ತದಿಗೆ ಚಂದ್ರನ ಆಕಾರದ ಕೊರತೆ. ಪಟ್ಟಿಯ ಕೊನೆಗೆ ಬಂದಾಗ ಕತ್ತರಿಸಿದರೆ ನೇರ ಗೆರೆಯ ಕೊರತೆ. ಇದನ್ನು ಅರದಿಂದ ಉಜ್ಜಿ ಯಾರು ಬೇಕಾದರೂ ಮಾಡಬಹುದು, ಆದರೆ ಉಜ್ಜುವವನು ನೋಡುವುದು ಕೊರತೆ ಇರುವ ಕಡೆಯನ್ನು ಮಾತ್ರ. ನೀವು ಅದರ ಎದುರು ದಿಕ್ಕಿಗೆ ನೋಡಬೇಕು! ಬಿಲ್ಲೆಯ ಅಂಚನ್ನು ಎಬ್ಬಿಸುವ ಯಂತ್ರದಲ್ಲಿ ಎರಡು ಎದುರು ಬದಿಗಳ ಮೇಲೆ ಒಟ್ಟಿಗೆ ಒತ್ತಡ ಬೀಳುತ್ತದೆ. ಒಂದು ಬದಿಯಲ್ಲಿ ಲೋಹವೇ ಇಲ್ಲದಿದ್ದರೆ ಎದುರು ಬದಿಗೂ ಒತ್ತಡ ಸಿಗುವುದಿಲ್ಲ. ಹೀಗಾಗಿ ಸಾಚಾ ನಾಣ್ಯದಲ್ಲಿ ಕೊರತೆಗೆ ಸರಿ ಎದುರಿಗೆ ಅಂಚು ಮಸುಕಾಗಿ, ಸಪ್ಪೆಯಾಗಿ ಇರುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಎಂದು ಹೆಸರು. ಪ್ರತಿಯೊಂದು ಸಾಚಾ ನಾಣ್ಯದಲ್ಲೂ ಇದು ಎದ್ದು ಕಾಣುತ್ತದೆಂದಲ್ಲ, ಆದರೆ ಕಂಡರೆ ಬಲವಾದ ಸಾಕ್ಷಿ. ಇನ್ನೊಂದು ಸಾಕ್ಷಿ ಕೊರತೆಯ ಬಳಿಯ ಅಕ್ಷರಗಳು. ಏಟು ಬಿದ್ದಾಗ ಲೋಹ ಖಾಲಿ ಜಾಗದ ಕಡೆ ಹರಿಯುತ್ತದೆ. ಅಲ್ಲಿನ ಅಕ್ಷರಗಳು ಸ್ವಲ್ಪ ಎಳೆದ ಹಾಗೆ, ಕರಗಿದ ಹಾಗೆ ಕಾಣುತ್ತವೆ. ಅರದಿಂದ ಉಜ್ಜಿದ್ದರಲ್ಲಿ ಅಕ್ಷರ ಕೊನೆಯವರೆಗೂ ಚೂಪಾಗಿದ್ದು ಥಟ್ಟನೆ ಕತ್ತರಿಸಿದಂತೆ ನಿಲ್ಲುತ್ತದೆ. ಅಂಚಿನ ಮೇಲೆ ಅರದ ಗೀರೂ ಇರುತ್ತದೆ.

ಇಷ್ಟನ್ನು ನಾನು ಪುಸ್ತಕದಿಂದ ಓದಿ ತಿಳಿದಿದ್ದೆ. ಕಣ್ಣಾರೆ ನೋಡುವ ಸಂದರ್ಭ ಒದಗಿಸಿದ್ದು ನನ್ನ ಸೋದರಮಾವ. ಅವರು ಉಪನಗರದ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರೆ. ಅಲ್ಲಿ ಮೇಜು ಒರೆಸುವ ಹುಡುಗನೊಬ್ಬ, ಕುಂದಾಪುರದ ಕಡೆಯವನು, ನನಗಿಂತ ಒಂದೆರಡು ವರ್ಷ ಚಿಕ್ಕವನು, ಸಂಬಳದ ಮೇಲೆ 2,500 ರೂಪಾಯಿ ಅಡ್ವಾನ್ಸು ಕೇಳಿದ. ಯಾಕೆಂದು ವಿಚಾರಿಸಿದರೆ ಅವನ ಹತ್ತಿರ ಒಂದು ಐದು ರೂಪಾಯಿ ನಾಣ್ಯ ಇದೆಯಂತೆ. ಎರಡೂ ಕಡೆ ಸಿಂಹವಂತೆ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಫೋನು ಮಾಡಿದ್ದಕ್ಕೆ ಆ ಕಡೆಯವನು ಆರು ಲಕ್ಷ ಕೊಡುತ್ತೇನೆ ಎಂದನಂತೆ. ಮೊದಲು ರಿಜಿಸ್ಟ್ರೇಶನ್ನಿಗೆ 2,500 ಕಳಿಸಬೇಕಂತೆ. ಊರಲ್ಲಿ ಮನೆಗೆ ಹಂಚು ಹಾಕಿಸುವುದಿದೆ, ಅಕ್ಕನ ಮದುವೆಯ ಸಾಲ ಇದೆ. ಹುಡುಗ ಆ ಆರು ಲಕ್ಷವನ್ನು ಆಗಲೇ ಖರ್ಚು ಮಾಡಿ ಮುಗಿಸಿದ್ದ. ಮಾವ ನನಗೆ ಫೋನು ಮಾಡಿ, "ನೀನು ಕಾಲೇಜಿಗೆ ಹೋಗುವವ, ಒಮ್ಮೆ ಬಂದು ನೋಡು ಮಾರಾಯ. ದುಡ್ಡು ಕೊಡಲಿಕ್ಕೆ ನನಗೇನಿಲ್ಲ, ಆಮೇಲೆ ಅವನು ಅಳುವುದನ್ನು ನೋಡಲಿಕ್ಕೆ ಆಗುವುದಿಲ್ಲ" ಎಂದರು.

ನಾಣ್ಯ ನೋಡಿದೆ. ಹಳೆಯ, ದಪ್ಪನೆಯ ತಾಮ್ರ-ನಿಕಲ್ಲಿನ ಐದು ರೂಪಾಯಿ. ಎರಡೂ ಕಡೆ ಅಶೋಕನ ಸಿಂಹ ನಿಜ. ಅಂದರೆ ಅದರ ಮೇಲೆ 5 ಎಂಬ ಅಂಕಿಯೂ ಇಲ್ಲ, ಇಸವಿಯೂ ಇಲ್ಲ. ವೋಚರ್ ಕೇಳೋಣ. ಟಂಕಸಾಲೆಯಲ್ಲಿ ಹೀಗಾಗಬೇಕಾದರೆ ಯಂತ್ರದ ಮೇಲೂ ಕೆಳಗೂ ಸಿಂಹದ ಅಚ್ಚನ್ನೇ ಕೂಡಿಸಬೇಕು. ಬೇರೆ ಬೇರೆ ಅಚ್ಚುಗಳ ಜೋಡಿ ತಪ್ಪಿದ ಉದಾಹರಣೆಗಳು ಜಗತ್ತಿನಲ್ಲಿ ಇಲ್ಲದೆ ಇಲ್ಲ. ಬ್ರಿಟನ್ನಿನಲ್ಲಿ 2008ರಲ್ಲಿ 20 ಪೆನ್ಸ್ ನಾಣ್ಯದ ವಿನ್ಯಾಸ ಬದಲಾದಾಗ ಹೊಸ ಮುಖದೊಂದಿಗೆ ಹಳೆಯ ಮುಖ ಸೇರಿಹೋಗಿ, ಇಸವಿಯೇ ಇಲ್ಲದ ನಾಣ್ಯಗಳು ಸಾವಿರಗಟ್ಟಲೆ ಹೊರಬಂದವು. ಆದರೆ ಒಂದೇ ಮುಖ ಎರಡು ಸಲ ಬೀಳುವುದು ಅತ್ಯಂತ ಅಪರೂಪ. ಹೊರಗಡೆಯಾದರೋ ಇದು ಮಾಮೂಲು ಸಾಮಾನು. 'ಶೋಲೆ' ಚಿತ್ರ 1975ರಲ್ಲಿ ಬಂದದ್ದೇ, ಜಯ್‌ನ ಎರಡೂ ಕಡೆ ಒಂದೇ ಮುಖದ ನಾಣ್ಯ ಯಾರಿಗೆ ಗೊತ್ತಿಲ್ಲ? ಜಾದೂಗಾರರಿಗೆ ಇಂಥದ್ದು ಬೇಕು. ಲೇತಿನ ಮೇಲೆ ಒಂದು ನಾಣ್ಯದ ಒಂದು ಮುಖವನ್ನು ಕಟ್ಟು ಉಳಿಸಿ ಒಳಗೆ ಬಟ್ಟಲಿನಂತೆ ಕೊರೆಯುತ್ತಾರೆ. ಇನ್ನೊಂದು ನಾಣ್ಯವನ್ನು ತೆಳುವಾಗಿ, ಸುತ್ತಲೂ ಸಣ್ಣದಾಗಿ ತಿರುಗಿಸಿ ಆ ಬಟ್ಟಲಿನೊಳಗೆ ಕೂರಿಸುತ್ತಾರೆ. ಆದ್ದರಿಂದ ಜೋಡಣೆಯ ಗೆರೆಯನ್ನು ಅಂಚಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಒಂದು ಮುಖದಲ್ಲಿ, ಕಟ್ಟಿನ ಒಳಮಗ್ಗುಲಲ್ಲಿ ಹುಡುಕಬೇಕು.

ನಮ್ಮ ಚಾಳಿನ ಕೆಳಗಿನ ಸೋನಾರನ ತಕ್ಕಡಿಯಲ್ಲಿ ತೂಗಿದೆವು. 9 ಗ್ರಾಮ್ ಇರಬೇಕಾದ ನಾಣ್ಯ 8.4 ತೂಗಿತು. ಕಲ್ಲಿನ ಮೇಲೆ ಬೀಳಿಸಿದರೆ ಬೇರೆ ಐದು ರೂಪಾಯಿ ಟಿಣ್ ಎಂದು ಎದ್ದು ಕುಣಿಯಿತು, ಇದು ಟಪ್ ಎಂದು ಕೂತಿತು. ನಾನು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಸೋನಾರನ ಭೂತಗನ್ನಡಿಯನ್ನು ಹುಡುಗನ ಕೈಗೇ ಕೊಟ್ಟು, ಕಟ್ಟಿನ ಒಳಗಡೆ ಸುತ್ತಲೂ ನೋಡು ಎಂದೆ. ಒಂದು ಕಡೆ ನೋಡಿದ, ಮಗುಚಿದ, ತುಂಬ ಹೊತ್ತು ನೋಡಿದ. "ಗೆರೆ ಉಂಟು ಅಣ್ಣ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಇದಕ್ಕೆ ಐದು ರೂಪಾಯಿಯೂ ಬರುವುದಿಲ್ವಾ?" ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅಂದೇ ರಾತ್ರಿ ಫೋನಿನವನು ಮತ್ತೆ ಮೂರು ಸಲ ಕರೆದನಂತೆ. ಮೂರನೆಯ ಸಲ ರಿಜಿಸ್ಟ್ರೇಶನ್ ಫೀಸು 800ಕ್ಕೆ ಇಳಿದಿತ್ತು!

ಇಲ್ಲೊಂದು ಮಾತು. ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದೇ ಪ್ರಕಟಣೆ ಹೊರಡಿಸಿದೆ. ಹಳೆಯ ನೋಟು-ನಾಣ್ಯಗಳ ಕೊಳ್ಳು-ಕೊಡುವಿಕೆಯಲ್ಲಿ ತನ್ನ ಪಾತ್ರವೇನೂ ಇಲ್ಲ, ಅದಕ್ಕೆ ಶುಲ್ಕವನ್ನಾಗಲಿ ಕಮಿಶನ್ನನ್ನಾಗಲಿ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು. ಇದನ್ನು ನಿಮ್ಮ ನಿಮ್ಮ ಹೋಟೆಲು, ಚಾಳು, ಹಾಸ್ಟೆಲುಗಳಲ್ಲಿ ದಯವಿಟ್ಟು ಕನ್ನಡದಲ್ಲಿ ಹೇಳಿ. ಅದು ಇಂಗ್ಲಿಷಿನಲ್ಲಿ ಬಂದು ಹೋಗಿದೆ, ಮೇಜು ಒರೆಸುವವನಿಗೆ ತಲುಪಿಲ್ಲ.

ಅದೇ ಸಂಜೆ ಮಾವ ಗಲ್ಲೆಯ ಮೂಲೆಯಿಂದ ಇನ್ನೊಂದು ನಾಣ್ಯ ತೆಗೆದರು. ಒಂದು ರೂಪಾಯಿ, 25 ಮಿಲಿಮೀಟರಿನ ಸ್ಟೀಲಿನದು, ಅಂಚಿನಲ್ಲಿ ಕಚ್ಚಿದ್ದು. "ಇದನ್ನು ಯಾರೂ ತೆಕ್ಕೊಳ್ಳುವುದಿಲ್ಲ, ಆರು ತಿಂಗಳಿಂದ ಬಿದ್ದುಕೊಂಡಿದೆ." ತೂಕ 4.85 ಗ್ರಾಮ್ ಇರಬೇಕಾದದ್ದು 4.5ರ ಹತ್ತಿರ. ಎದುರು ಬದಿಯ ಅಂಚು ನೋಡಿದೆ: ಮಸುಕು! ಕೊರತೆಯ ಬಳಿಯ ಅಕ್ಷರ ನೋಡಿದೆ: ಕೊರತೆಯತ್ತ ಜಾರಿದೆ. ಸಾಚಾ. ಫೋರ್ಟಿನ ಒಬ್ಬ ವ್ಯಾಪಾರಿಗೆ ತೋರಿಸಿದಾಗ ಅವನೂ ಹೌದೆಂದ, ನೂರೈವತ್ತು ರೂಪಾಯಿ ಕೊಡುತ್ತೇನೆಂದ. ಆರು ಲಕ್ಷವಲ್ಲ, ನೂರೈವತ್ತು. ಸಾಚಾ ತಪ್ಪಿನ ಬೆಲೆ ಹೆಚ್ಚಾಗಿ ಹೀಗೇ ಇರುತ್ತದೆ.

ಇನ್ನು ಕೈಚಳಕ ಜಾಸ್ತಿ ನಡೆಯುವ ಜಾತಿ ಒಂದಿದೆ. ವ್ಯಾಪಾರಿಗಳು ಅದನ್ನು 'ಲಖಿ' ಅನ್ನುತ್ತಾರೆ. ಏಟು ಬಿದ್ದ ನಾಣ್ಯ ಹೊರಗೆ ಬೀಳದೆ ಮೇಲಿನ ಅಚ್ಚಿಗೇ ಅಂಟಿಕೊಂಡಿತು ಎನ್ನಿ. ಮುಂದಿನ ಬಿಲ್ಲೆ ಬಂದಾಗ ಆ ಅಂಟಿಕೊಂಡ ನಾಣ್ಯವೇ ಅಚ್ಚಿನ ಕೆಲಸ ಮಾಡುತ್ತದೆ. ಪರಿಣಾಮ: ಹೊಸ ನಾಣ್ಯದ ಒಂದು ಮುಖ ಸರಿಯಾಗಿರುತ್ತದೆ, ಇನ್ನೊಂದು ಮುಖದಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಒಳಕ್ಕೆ ತಗ್ಗಾಗಿ ಮೂಡುತ್ತದೆ. ಖೋಟಾ ಲಖಿ ಮಾಡುವವನು ಎರಡು ಒಳ್ಳೆಯ ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ವೈಸಿನಲ್ಲಿ ಬಿಗಿದು ಒತ್ತುತ್ತಾನೆ. ತಗ್ಗಾದ ಚಿತ್ರವೇನೋ ಬರುತ್ತದೆ, ಆದರೆ ಅಲ್ಲಿ ಮೊದಲೇ ಇದ್ದ ಚಿತ್ರ ಎಲ್ಲಿಗೆ ಹೋಗಬೇಕು? ಅದು ಜಜ್ಜಿಕೊಂಡು ಅಲ್ಲೇ ಕೆಳಗೆ ಉಳಿದಿರುತ್ತದೆ. ಹಿಂದಿನ ಮುಖವೂ ವೈಸಿನ ಬಾಯಿಗೆ ಸಿಕ್ಕಿ ಚಪ್ಪಟೆಯಾಗಿರುತ್ತದೆ. ಸಾಚಾ ಲಖಿಯಲ್ಲಿ ಹಿಂದಿನ ಮುಖಕ್ಕೆ ಒಳ್ಳೆಯ ಏಟೇ ಬಿದ್ದಿರುತ್ತದೆ.

ಹತ್ತು ರೂಪಾಯಿಯ ಎರಡು ಲೋಹದ ನಾಣ್ಯವೂ ಇಂಥ ಕಸುಬಿಗೆ ಒಳ್ಳೆಯ ಸರಕು. ನಡುವಿನ ಬಿಲ್ಲೆಯನ್ನು ಬಡಿದು ಬೀಳಿಸಿ ಬರೀ ಉಂಗುರವನ್ನು ತೋರಿಸುತ್ತಾರೆ, ಇಲ್ಲವೆ ಬಿಲ್ಲೆಯನ್ನು ತಿರುಗಿಸಿ ಮತ್ತೆ ಕೂರಿಸುತ್ತಾರೆ. ಒಂದೇ ಏಟಿನ ಮಾತು ಇಲ್ಲಿ ಬೇಕಾಗುತ್ತದೆ. ಬಿಲ್ಲೆ, ಉಂಗುರ ಎರಡರ ಮೇಲೂ ಚಿತ್ರ ಮೂಡುವುದು ಒಂದೇ ಏಟಿನಲ್ಲಿ. ಆದ್ದರಿಂದ ಉಂಗುರದ ಚಿತ್ರ ನೆಟ್ಟಗಿದ್ದು ಬಿಲ್ಲೆಯ ಚಿತ್ರ ಮಾತ್ರ ತಿರುಗಿದ್ದರೆ ತಿರುಗಿಸಿದವನು ಟಂಕಸಾಲೆಯವನಲ್ಲ. ಇನ್ನು ಏಟು ಬೀಳುವಾಗಲೇ ನಡುವೆ ಬಿಲ್ಲೆ ಇರಲಿಲ್ಲವೆಂದರೆ ಉಂಗುರದ ಲೋಹ ಒಳಕ್ಕೆ ನುಗ್ಗಿ ತೂತು ವಿಕಾರವಾಗಿರಬೇಕು. ತೂತು ದುಂಡಗೆ, ಚೊಕ್ಕಟವಾಗಿದ್ದರೆ ಬಿಲ್ಲೆ ಆಮೇಲೆ ಬಿದ್ದದ್ದು, ಅಥವಾ ಬೀಳಿಸಿದ್ದು.

ಹತ್ತು ರೂಪಾಯಿಯ ಮಾತು ಬಂದದ್ದರಿಂದ ಇದರ ವಿರುದ್ಧ ರೋಗವನ್ನೂ ಹೇಳಿಬಿಡುತ್ತೇನೆ: ಸಾಚಾ ನಾಣ್ಯವನ್ನು ಖೋಟಾ ಎನ್ನುವುದು. ಗೆರೆ ಹತ್ತಿದ್ದರೆ ಸಾಚಾ, ಹದಿನೈದಿದ್ದರೆ ಖೋಟಾ ಎಂದು ಅಂಗಡಿ ಅಂಗಡಿಗಳಲ್ಲಿ ಗಾಳಿಸುದ್ದಿ ಹಬ್ಬಿತ್ತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ಅದುವರೆಗೆ ಹೊರಬಂದ 14 ವಿನ್ಯಾಸಗಳೂ ಸರಿಯಾದ ನಾಣ್ಯಗಳೇ ಎಂದು ಹೇಳಬೇಕಾಯಿತು. ವಿನ್ಯಾಸ ಬೇರೆಯಾದ ಮಾತ್ರಕ್ಕೆ ಖೋಟಾ ಅಲ್ಲ, ತಪ್ಪು ನಾಣ್ಯವೂ ಅಲ್ಲ. 1999ರ ಐದು ರೂಪಾಯಿಯಲ್ಲಿ ಕೆಲವಕ್ಕೆ ಇಸವಿಯ ಹತ್ತಿರ ರಷ್ಯನ್ ಅಕ್ಷರಗಳ ಸಣ್ಣ ಗುರುತಿದೆ. ಅದನ್ನು ನೋಡಿ ಹೌಹಾರಬೇಡಿ. ಅವು ನಮ್ಮ ಸರಕಾರಕ್ಕಾಗಿ ಮಾಸ್ಕೋದಲ್ಲಿ ಅಚ್ಚಾದವು. ಮುಂಬಯಿಯ ನಾಣ್ಯಕ್ಕೆ ವಜ್ರದ ಗುರುತು, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ, ಕೋಲ್ಕತ್ತಕ್ಕೆ ಏನೂ ಇಲ್ಲ. ಗುರುತು ಇಲ್ಲದ್ದು ತಪ್ಪು ನಾಣ್ಯ ಎಂದು ಮಾರುವ ಮಹಾಶಯರೂ ಇದ್ದಾರೆ!

ಲೋಹವೇ ಬದಲಾದ ನಾಣ್ಯದ ವಿಚಾರ ಬಂದರೆ ಜಗತ್ತಿನಲ್ಲೇ ಹೆಸರಾದದ್ದು ಅಮೆರಿಕದ 1943ರ ತಾಮ್ರದ ಸೆಂಟು. ಯುದ್ಧಕ್ಕೆ ತಾಮ್ರ ಬೇಕಾಗಿ ಆ ವರ್ಷ ಅವರು ಸೆಂಟುಗಳನ್ನು ಸತು ಬಳಿದ ಉಕ್ಕಿನಲ್ಲಿ ಹೊಡೆದರು. ಹಿಂದಿನ ವರ್ಷದ ತಾಮ್ರದ ಬಿಲ್ಲೆಗಳು ಕೆಲವೇ ಕೆಲವು ಯಂತ್ರದ ಸಂದಿಯಲ್ಲಿ ಉಳಿದುಕೊಂಡು ಹೊಸ ಅಚ್ಚಿನ ಕೆಳಗೆ ಬಂದವು. ನೋಡಿ, ವೋಚರ್ ಪಕ್ಕಾ ಇದೆ. ಹೆನ್ರಿ ಫೋರ್ಡ್ ಅಂಥ ಒಂದು ಸೆಂಟಿಗೆ ಒಂದು ಕಾರನ್ನೇ ಕೊಡುತ್ತಾನಂತೆ ಎಂದು ಆಗ ಗಾಳಿಸುದ್ದಿ ಎದ್ದಿತು, ನಮ್ಮ ಆರು ಲಕ್ಷದ ಹಾಗೆ. ಅದು ಸುಳ್ಳು. 1947ರಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿಗೆ ಶಾಲೆಯ ಕ್ಯಾಂಟೀನಿನ ಚಿಲ್ಲರೆಯಲ್ಲಿ ನಿಜವಾದದ್ದೇ ಒಂದು ಸಿಕ್ಕಿತು. ವಿಚಾರಿಸಿದರೆ ಸರಕಾರ, ಅಂಥದ್ದು ಇಲ್ಲವೇ ಇಲ್ಲ ಎಂದಿತು. ಅವನು ಅದನ್ನು ಸುಮ್ಮನೆ ಇಟ್ಟುಕೊಂಡ, ಮುದುಕನಾಗುವವರೆಗೂ. 2019ರ ಜನವರಿಯಲ್ಲಿ ಅದು 2,04,000 ಡಾಲರಿಗೆ ಹರಾಜಾಯಿತು.

ಆ ಸೆಂಟನ್ನು ಖೋಟಾ ಮಾಡುವ ದಾರಿ ಎರಡು. ಉಕ್ಕಿನ ಸೆಂಟಿಗೆ ತಾಮ್ರದ ಲೇಪ ಕೊಡುವುದು ಒಂದು. ಅದು ಅಯಸ್ಕಾಂತಕ್ಕೆ ಅಂಟುತ್ತದೆ, ತೂಕವೂ 3.11 ಗ್ರಾಮಿನ ಬದಲು 2.7ರ ಆಸುಪಾಸು ಇರುತ್ತದೆ. 1948ರ ತಾಮ್ರದ ಸೆಂಟಿನ 8ನ್ನು ಕೆರೆದು 3 ಮಾಡುವುದು ಇನ್ನೊಂದು. ಸಾಚಾ ನಾಣ್ಯದ 3ಕ್ಕೆ ಕೆಳಕ್ಕೆ ಇಳಿದ ಉದ್ದನೆಯ ಬಾಲವಿದೆ, ಕೆರೆದ 8ಕ್ಕೆ ಆ ಬಾಲ ಎಲ್ಲಿಂದ ಬರಬೇಕು? ಅಯಸ್ಕಾಂತದ ಪರೀಕ್ಷೆ ನಮ್ಮಲ್ಲೂ ನಡೆಯುತ್ತದೆ, ಆದರೆ ಇಸವಿ ನೋಡಿಕೊಂಡು ಮಾಡಬೇಕು. ಹಳೆಯ ತಾಮ್ರ-ನಿಕಲ್ಲಿನ ಐದು ರೂಪಾಯಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. 2007ರ ಸ್ಟೀಲಿನದು ಅಂಟುತ್ತದೆ, ಅದೂ ಸರಿಯಾದದ್ದೇ.

ಓರೆ ಮುಖದ ನಾಣ್ಯಕ್ಕೆ ಬೇಕಾದದ್ದು ಎರಡು ಬೆರಳು ಮಾತ್ರ. ನಮ್ಮ ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂದಿನ ಮುಖವೂ ನೆಟ್ಟಗೆ ಕಾಣಬೇಕು. ತಿರುಗಿ ಕಂಡರೆ ಅಚ್ಚು ಸಡಿಲಾಗಿ ತಿರುಗಿದೆ ಎಂದರ್ಥ. ಜೋಡಿಸಿದ ನಾಣ್ಯ ಅಲ್ಲವೆಂದು ಕಟ್ಟಿನ ಒಳಗೆ ನೋಡಿಕೊಂಡರೆ ಸಾಕು, ಬೇರೆ ಬಗೆಯಲ್ಲಿ ಇದನ್ನು ಖೋಟಾ ಮಾಡುವುದು ಕಷ್ಟ.

ವಿಚಿತ್ರ ನಾಣ್ಯ ಸಿಕ್ಕರೆ ಹುಣಿಸೆಹಣ್ಣು ಹಚ್ಚಿ ತಿಕ್ಕಬೇಡಿ. ತಿಕ್ಕಿದ ನಾಣ್ಯದಲ್ಲಿ ಸಾಕ್ಷಿಯೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಕಾಗದದ ಲಕೋಟೆಯಲ್ಲಿಟ್ಟು, ಸಿಕ್ಕಿದ ಜಾಗ, ದಿನ, ತೂಕ ಬರೆದಿಡಿ. ಸರಿಯಾದ ನಾಣ್ಯ ಹೇಗಿರುತ್ತದೆಂದು ಕಣ್ಣಿಗೆ ಅಭ್ಯಾಸವಾಗಬೇಕಾದರೆ ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವಿದೆ, 2004ರಲ್ಲಿ ತೆರೆದದ್ದು. ಗದ್ಯಾಣ-ವರಾಹದ ಮಿತ್ರರು ಬರುವುದಾದರೆ ಪರೀಕ್ಷೆ ಮುಗಿದ ಮೇಲೆ ಒಟ್ಟಿಗೇ ಹೋಗೋಣ. ಹೋಟೆಲಿನ ಹುಡುಗನೂ ಬರುತ್ತೇನೆ ಅಂದಿದ್ದಾನೆ, ಅವನ ವಾರದ ರಜೆ ನೋಡಿ ದಿನ ಗೊತ್ತು ಮಾಡಬೇಕು.